ಆಲದ ಮರಕ್ಕೆ ಹೊರಟ ಗೋಣಿಚೀಲ

ನಮ್ಮ ಮನೆಗೆ ಮೇಕೆ ಬಂದದ್ದು ೧೯೭೯ರ ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ. ಹನ್ನೊಂದರೊಳಗೆ ಸಿಂಗಟಗೆರೆಯ ನಮ್ಮ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಮೊಟ್ಟೆಯನ್ನು ಕೂಡ ಹೊಸಿಲು ದಾಟಿಸಿದವರಲ್ಲ. ಅಂಥ ಮನೆಯ ಕೊಟ್ಟಿಗೆಯಲ್ಲಿ ಮೇಕೆ ಕಟ್ಟಿದ್ದಾರೆಂದರೆ ಜನ ನೋಡಲು ಬಾರದೆ ಇರುವುದಿಲ್ಲ. ಎದುರು ಮನೆಯ ಹೆಂಗಸು ನೀರಿನ ಕೊಡವನ್ನು ಸೊಂಟದಿಂದ ಇಳಿಸದೆಯೇ ಬಂದು ನಿಂತಳು.

"ಏನಜ್ಜಿ, ಮೇಕೆ ತಂದ್ರಂತೆ. ಮಸಾಲೆ ಯಾವಾಗ ಅರೀತೀರಿ? ನಮ್ಮನೆ ಗುಂಡ್ಕಲ್ಲು ಬೇಕಾದ್ರೆ ಕಳಿಸ್ಲಾ?"

ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದ ಅಜ್ಜಿ ಮೊರದಿಂದ ತಲೆಯೆತ್ತಲಿಲ್ಲ. "ನಿನ್ ಗಂಡ ಹೊತ್ತುಹೊತ್ತಿಗೆ ಊಟ ಸಿಗ್ದೆ ಕಡ್ಡಿ ಆಗವ್ನೆ, ಅವ್ನಿಗೆ ಅರೆದು ಹಾಕೋಗು. ಇದು ನಮ್ ಕೂಸಿನ ಹಾಲಿನ ಮೇಕೆ ಕಣೇ."

ಕೂಸು ಎಂದರೆ ನನ್ನ ಅಕ್ಕನ ಮಗಳು. ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದು, ಶಿವರಾತ್ರಿಗೆ ಇನ್ನೂ ಒಂಬತ್ತು ದಿನ ಇರುವಾಗ ಹೆತ್ತಳು. ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ. ಸೂಲಗಿತ್ತಿ ಅದರ ಎರಡೂ ಕಾಲು ಹಿಡಿದು ತಲೆಕೆಳಗಾಗಿ ತೂಗಿ, ಬಾಯಲ್ಲಿ ಬೆರಳು ಹಾಕಿ ಲೋಳೆ ತೆಗೆದು, ಬೆನ್ನು ತಟ್ಟಿದ ಮೇಲೆ ಅತ್ತಿತು. ಹದಿನೇಳನೆಯ ದಿನ ಅಕ್ಕನಿಗೆ ಜ್ವರ ಬಂತು. ಜ್ವರ ಆರು ದಿನಕ್ಕೆ ಬಿಟ್ಟಿತು, ಆದರೆ ಎದೆಯ ಹಾಲು ಬತ್ತಿಹೋಯಿತು. ಮನೆಯಲ್ಲಿ ಕರೆಯುವ ಹಸು ಎರಡಿದ್ದವು. ಆ ಹಾಲನ್ನು ಕೂಸಿನ ಹೊಟ್ಟೆ ಒಪ್ಪಲಿಲ್ಲ. ಡಬ್ಬಿಯ ಪುಡಿಯನ್ನು ಕಲಸಿ ಕೊಟ್ಟರೆ ಭೇದಿ. ಬಸ್ಸಿನಲ್ಲಿ ತರೀಕೆರೆಗೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಕೂಸಿನ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೆಯೇ ಸ್ವಲ್ಪ ಹೊತ್ತು ನಿಂತಿತ್ತು. ಮೇಕೆ ಹಾಲು ಸಿಕ್ಕರೆ ಕೊಟ್ಟು ನೋಡಿ ಎಂದರು.

ಮೇಕೆ ಹಾಲು ಒಪ್ಪಿತು. ಊರಾಚೆಯ ಕುರಿಹಟ್ಟಿಯಲ್ಲಿ ಒಬ್ಬ ಮುದುಕನಿದ್ದ. ನಾವು ಹಟ್ಟಿ ತಾತ ಎನ್ನುತ್ತಿದ್ದೆವು. ಅವನು ಕುರಿಗಳ ಜೊತೆಗೆ ನಾಲ್ಕಾರು ಮೇಕೆ ಸಾಕಿದ್ದ. ದಿನಾ ಸಂಜೆ ಹಾಲು ತಂದು ಕೊಡುತ್ತಿದ್ದ. ಆದರೆ ಅವನ ಕರೆಯುವ ಮೇಕೆಗಳು ಆಗಲೇ ಬತ್ತುವ ಕಾಲಕ್ಕೆ ಬಂದಿದ್ದವು. ಆದ್ದರಿಂದ ಅಪ್ಪ ಒಂದು ಗಾಡಿ ರಾಗಿಹುಲ್ಲು ಕೊಟ್ಟು ಅವನಲ್ಲಿದ್ದ ಒಂದು ಗಬ್ಬದ ಮೇಕೆಯನ್ನು ತಂದರು. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ಅದಕ್ಕೂ ಅದು ಮೊದಲ ಸೂಲು.

ನನಗೆ ಆಗ ಹದಿನೇಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಕಡೂರಿನ ಗೊಬ್ಬರದ ಅಂಗಡಿಯವರು ಅಪ್ಪನಿಗೆ ಕೊಟ್ಟಿದ್ದ ಡೈರಿ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ನಾನು ಎಲ್ಲವನ್ನೂ ಬರೆಯುತ್ತಿದ್ದೆ. ಯಾವ ಹಸು ಎಷ್ಟು ಕೊಟ್ಟಿತು, ತೋಟದಲ್ಲಿ ಎಷ್ಟು ತೆಂಗಿನಕಾಯಿ ಬಿದ್ದವು, ಕೂಸು ದಿನಕ್ಕೆ ಎಷ್ಟು ಸಲ ಕಕ್ಕಿತು. ಮೇಕೆಯನ್ನು ಬಿಟ್ಟು ಹೋಗುವಾಗ ಹಟ್ಟಿ ತಾತ ನಡುಮನೆಯ ಕಂಬಕ್ಕೆ ಒರಗಿ ಕುಳಿತು ಅರ್ಧ ಗಂಟೆ ಮಾತಾಡಿದ. ನಾನು ಒಂದನ್ನೂ ಬಿಡದೆ ಬರೆದುಕೊಂಡೆ.

"ಶಿವರಾತ್ರಿ ಜಾಗರಣೆ ಆದ ಮಾರ್ನೆ ದಿನ ಹೋತ ಹತ್ತಿತ್ತು. ನಂಗೆ ಚೆನ್ನಾಗಿ ನೆಪ್ಪೈತೆ, ಅವತ್ತು ನಂಗೆ ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ. ಅಲ್ಲಿಂದ ನೂರೈವತ್ತು ದಿನ ಎಣ್ಸು ಮಗಾ. ಎರಡು ದಿನ ಹಿಂದೆ ಮುಂದೆ ಆಗ್ತದೆ."

ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ. ಅಂದಿಗೆ ನೂರಹತ್ತನೆಯ ದಿನ. ಡೈರಿಯ ಪ್ರತಿ ಪುಟದ ಮೇಲ್ತುದಿಯಲ್ಲಿ ತಾರೀಕಿನ ಪಕ್ಕ ಮೇಕೆಯ ದಿನವನ್ನೂ ಬರೆಯಲು ಶುರುಮಾಡಿದೆ.

ಆ ನಲವತ್ತು ದಿನಗಳಲ್ಲಿ ನನ್ನ ಪುಟಗಳಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆದವು. ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. ನೂರಹತ್ತನೆಯ ದಿನ ತಾತ ತಂದ ಹಾಲು ಒಂದು ಪಾವು. ನೂರಿಪ್ಪತ್ತೈದಕ್ಕೆ ಮುಕ್ಕಾಲು ಪಾವು. ನೂರನಲವತ್ತಕ್ಕೆ ಅರ್ಧ. ಉಳಿದ ಹೊಟ್ಟೆಗೆ ಅವ್ವ ರಾಗಿ ಸರಿಯನ್ನು ತೆಳ್ಳಗೆ ಕಾಸಿ ಕುಡಿಸುತ್ತಿದ್ದಳು. ಕೂಸು ಅದನ್ನು ಕುಡಿದು ಸುಮ್ಮನೆ ಅತ್ತಿತ್ತ ನೋಡುತ್ತಿತ್ತು. ಅಳುವುದನ್ನು ಕಡಿಮೆ ಮಾಡಿತ್ತು. ಅದು ಒಳ್ಳೆಯದೆಂದು ನಾನು ತಿಳಿದಿದ್ದೆ. ಅಕ್ಕ ಹಾಗೆ ತಿಳಿದಿರಲಿಲ್ಲ. ಪ್ರತಿ ಸಂಜೆ ತಾತ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು ಕೇಳುತ್ತಿದ್ದಳು.

"ಇವತ್ತು ಎಷ್ಟನೇದು?"

"ನೂರ ನಲವತ್ಮೂರು."

"ಇನ್ನೂ ಏಳಾ?" ಎಂದು ಕೊಟ್ಟಿಗೆಗೆ ಹೋಗಿ ಮೇಕೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಜಾಲಿಕಾಯಿ ತಿನ್ನಿಸುತ್ತಿದ್ದಳು. ಮನೆಯಲ್ಲಿ ಯಾರಿಗೆ ಹೇಳದಿದ್ದರೂ ಆ ಮೇಕೆಗೆ ಏನೋ ಹೇಳಿಕೊಳ್ಳುತ್ತಿದ್ದಳು.

ನಾನು ನನ್ನ ಸಿದ್ಧತೆ ಮಾಡಿಕೊಂಡೆ. ಅವ್ವನ ಹಳೆಯ ಸೀರೆ ಹರಿದು ಒಗೆದು ಒಣಗಿಸಿದ ಬಟ್ಟೆ ಆರು ತುಂಡು. ಹೊಕ್ಕುಳಬಳ್ಳಿ ಕಟ್ಟಲು ಕುದಿಸಿದ ನೂಲು. ಹೊಸ ಬ್ಲೇಡು ಒಂದು. ದನದ ಆಸ್ಪತ್ರೆಯಿಂದ ತಂದ ಟಿಂಚರ್ ಅಯೋಡಿನ್ ಸೀಸೆ. ಈದ ಮೇಲೆ ಮೇಕೆಗೆ ಕುಡಿಸಲು ಬೆಲ್ಲ. ಕೊಟ್ಟಿಗೆಯ ಒಂದು ಮೂಲೆಯನ್ನು ಗುಡಿಸಿ, ಬೂದಿ ಎರಚಿ, ಮೇಲೆ ಒಣಹುಲ್ಲು ಹಾಸಿದೆ. ಮೇಕೆಯ ಬಲಪಕ್ಕೆಗೆ ಕೈಯಿಟ್ಟು ಒದೆತ ಎಣಿಸುತ್ತಿದ್ದೆ. ಮೇಲೊಮ್ಮೆ ಕೆಳಗೊಮ್ಮೆ ಒಂದೇ ಗಳಿಗೆಯಲ್ಲಿ ಒದೆಯುತ್ತಿತ್ತು. 'ಮರಿ ಬಹಳ ಚುರುಕು' ಎಂದು ಬರೆದೆ.

ಅಜ್ಜಿಗೆ ನನ್ನ ಈ ಪಟ್ಟಿಯೆಲ್ಲ ನಗೆ. "ಇಪ್ಪತ್ತೆಂಟು ಸೂಲು ಮಾಡ್ಸಿದೀನಿ ಈ ಕೊಟ್ಟಿಗೇಲಿ. ಒಂದಕ್ಕೂ ಸೀಸೆ ತಂದಿರ್ಲಿಲ್ಲ. ಹಸುವಾದ್ರೇನು ಮೇಕೆಯಾದ್ರೇನು, ಬರೋ ದಾರಿ ಒಂದೇ."

ಅವಳು ಹೇಳಿದ್ದು ಸುಳ್ಳಲ್ಲ. ಇಪ್ಪತ್ತೆಂಟು ಸಲವೂ ಹಸುಗಳೇ. ನಮ್ಮ ಮನೆಯಲ್ಲಿ ಸೂಲಿಗೆ ಎರಡು ಕಟ್ಟುನಿಟ್ಟುಗಳಿದ್ದವು. ಒಂದು, ಕರು ಹುಟ್ಟಿದ ಮೇಲೆ ಅದರ ಹಿಂದೆ ಬರುವ ಮಾಸು ಬೀಳುವ ತನಕ ಅದನ್ನು ಕೆಚ್ಚಲಿಗೆ ಬಿಡಬಾರದು. ಇನ್ನೊಂದು, ಬಿದ್ದ ಮಾಸನ್ನು ತಾಯಿ ತಿನ್ನದ ಹಾಗೆ ತಟ್ಟನೆ ತೆಗೆದು, ಹುಲ್ಲಿನೊಡನೆ ಗೋಣಿಯಲ್ಲಿ ಕಟ್ಟಿ, ಕೆರೆ ಏರಿಯ ಆಲದ ಮರಕ್ಕೆ ನೇತುಹಾಕಬೇಕು. ಆಲ ಹಾಲು ಸುರಿಸುವ ಮರ. ಅದಕ್ಕೆ ಕಟ್ಟಿದರೆ ಕೆಚ್ಚಲು ತುಂಬುತ್ತದೆ ಎನ್ನುವುದು. ಆ ಮರದಲ್ಲಿ ಊರಿನ ಎಲ್ಲ ಮನೆಗಳ ಚೀಲಗಳೂ ತೂಗುತ್ತಿದ್ದವು. ಬೇರೆ ಊರಿನವರು ಕಂಡರೆ ಹೆದರುತ್ತಿದ್ದರೇನೋ. ನಮಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

ನೂರೈವತ್ತು ಬಂತು. ಮೇಕೆ ಈಯಲಿಲ್ಲ. ಅಂದು ತಾತ ತಂದದ್ದು ಕಾಲು ಪಾವು. ನೂರೈವತ್ತೊಂದು, ಎರಡು, ಮೂರು. ಅಕ್ಕ ಕೇಳುವುದನ್ನೇ ಬಿಟ್ಟಳು. ನನ್ನ ಎಣಿಕೆ ತಪ್ಪಿತೇ ಎಂದು ನಾನು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ನಾಲ್ಕು ಸಲ ಎಣಿಸಿದೆ.

ನೂರೈವತ್ತನಾಲ್ಕು, ಶ್ರಾವಣದ ಮೊದಲ ಸೋಮವಾರ. ಸಣ್ಣ ಸೋನೆ ಹಿಡಿದಿತ್ತು. ಅಪ್ಪ ಅವ್ವ ಪೂಜೆಗೆಂದು ಬೆಳಿಗ್ಗೆಯೇ ಮಠಕ್ಕೆ ಹೊರಟರು. ಮಧ್ಯಾಹ್ನದ ಪ್ರಸಾದ ಮುಗಿಸಿ ಬರುವವರು. ಮನೆಯಲ್ಲಿ ಅಜ್ಜಿ, ಅಕ್ಕ, ನಾನು, ತೊಟ್ಟಿಲಲ್ಲಿ ಕೂಸು. ಏಳೂವರೆಗೆ ಅಗಸೆ ಸೊಪ್ಪು ಹಾಕಲು ಹೋದಾಗ ಮೇಕೆ ಮೂಸಿ ಕೂಡ ನೋಡಲಿಲ್ಲ. ಕಾಲಿನಿಂದ ಹುಲ್ಲು ಕೆರೆಯುತ್ತಿತ್ತು. ಬಾಲದ ಬುಡದ ಎರಡೂ ಬದಿ ಕುಸಿದು ಹಳ್ಳವಾಗಿತ್ತು. ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಡೈರಿ ಹಿಡಿದು ಕೊಟ್ಟಿಗೆಯ ಹೊಸಿಲ ಮೇಲೆ ಕುಳಿತೆ. ಆ ಪುಟ ಈಗಲೂ ನನ್ನ ಮುಂದಿದೆ.

ಹತ್ತು ಗಂಟೆ ಹತ್ತು ನಿಮಿಷ: ನೀರುಚೀಲ ಕಂಡಿತು. ಹತ್ತು ಮೂವತ್ತೈದು: ಎರಡು ಗೊರಸು, ಅವುಗಳ ಮೇಲೆ ಮೂತಿ. ಹತ್ತು ಐವತ್ತು: ಮರಿ ಹೊರಬಂತು. ಹೆಣ್ಣು.

ಮೇಕೆ ಕೂಗಿದ ರೀತಿ ನಾನು ಎದುರು ನೋಡಿದ್ದಲ್ಲ. ಹಸು ನರಳುತ್ತದೆ. ಮೇಕೆ ಮನುಷ್ಯರ ಹಾಗೆ ಕಿರುಚಿತು. ಅಕ್ಕ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಅಜ್ಜಿ ಮಾತ್ರ ಅಳುಕಲಿಲ್ಲ. ಮರಿಯ ಮೂಗು ಬಾಯಿ ಒರೆಸಿ, ನನ್ನಿಂದ ನೂಲು ಇಸಿದುಕೊಂಡು ಹೊಕ್ಕುಳಬಳ್ಳಿ ಕಟ್ಟಿದಳು. ನಾನು ಬ್ಲೇಡಿನಿಂದ ಕೊಯ್ದು ಟಿಂಚರ್ ಹಚ್ಚಿದೆ. ಮೇಕೆ ಮರಿಯನ್ನು ನೆಕ್ಕಿತು. ಹತ್ತು ನಿಮಿಷಕ್ಕೆ ಅದು ನಡುಗುತ್ತ ನಾಲ್ಕು ಕಾಲಿನ ಮೇಲೆ ನಿಂತು ಕೆಚ್ಚಲನ್ನು ಹುಡುಕತೊಡಗಿತು.

"ಹಿಡ್ಕೋ ಅದನ್ನ. ಮಾಸು ಬೀಳ್ಲಿ," ಎಂದಳು ಅಜ್ಜಿ.

ನಾನು ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಮಂಕರಿಯಡಿ ಮುಚ್ಚಿಟ್ಟೆ. ಅದು ಒಳಗಿನಿಂದ ನನ್ನ ಕೈಬೆರಳು ಚೀಪಿತು. ಅಕ್ಕ ಕೆಚ್ಚಲು ಮುಟ್ಟಿ ನೋಡಿದಳು. "ತುಂಬೈತೆ ಕಣೇ. ಒಂದು ಮರಿ ಕುಡ್ದು ಮಿಕ್ಕಿದ್ದು ನಮ್ ಕೂಸಿಗೆ ಸಾಕಾಗ್ತದಾ?" ಎಂದು ಕೇಳಿದಳು. ಸಾಕಾಗುತ್ತದೆ ಎಂದೆ. ಅಷ್ಟೂ ದಿನಗಳಲ್ಲಿ ಅವಳು ನಕ್ಕದ್ದು ನನ್ನ ಡೈರಿಯಲ್ಲಿ ಇಲ್ಲ. ಆಗ ನಕ್ಕಳು.

ಹನ್ನೊಂದು ಇಪ್ಪತ್ತಕ್ಕೆ ಮೇಕೆ ಮತ್ತೆ ಮಲಗಿ ತಿಣುಕಿತು.

"ಮಾಸು ಬತ್ತೈತೆ. ಗೋಣಿಚೀಲ ತಗಂಬನ್ರೇ," ಎಂದಳು ಅಜ್ಜಿ. ನಾನು ಬರೆದೆ: 'ಹನ್ನೊಂದು ಇಪ್ಪತ್ತು, ಮಾಸು ಬೀಳಲು ಆರಂಭ.'

ಸೋನೆಯ ದಿನ. ನಮ್ಮ ಕೊಟ್ಟಿಗೆಗೆ ಬೆಳಕು ಬರುವುದು ಬಾಗಿಲೊಂದರಿಂದ. ಆ ಬಾಗಿಲಲ್ಲಿ ನಾನು ಕುಳಿತಿದ್ದೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಹನ್ನೊಂದು ಮೂವತ್ತೆರಡಕ್ಕೆ ಕಪ್ಪಗಿನ ಒಂದು ಗಂಟು ಜಾರಿ ಹುಲ್ಲಿನ ಮೇಲೆ ಬಿತ್ತು. ಹೊಳೆಯುತ್ತಿತ್ತು. ಮೇಕೆ ಎದ್ದು ತಿರುಗಿ ಅದರ ಮೇಲೆ ಬಾಯಿ ಹಾಕಿತು.

"ತೆಗಿ ತೆಗಿ, ತಿಂದ್ಬಿಡ್ತದೆ," ಎಂದು ಅಜ್ಜಿ ಮೇಕೆಯ ಕೊರಳ ಹಗ್ಗ ಹಿಡಿದೆಳೆದಳು. ಅಕ್ಕ ಎರಡೂ ಕೈಯಲ್ಲಿ ಅಡಿಯ ಹುಲ್ಲು ಸಮೇತ ಅದನ್ನು ಬಾಚಿ ಚೀಲಕ್ಕೆ ತುಂಬಿದಳು. ನಾನು ಬಾಯಿ ಕಟ್ಟಿದೆ. ಮಾಸನ್ನು ಯಾರೂ ನೋಡಿ ಮುಟ್ಟುವುದಿಲ್ಲ, ಮುಖ ತಿರುಗಿಸಿಕೊಂಡು ಎತ್ತುತ್ತಾರೆ. ಅಕ್ಕನೂ ಹಾಗೇ ಮಾಡಿದಳು. ಮೇಕೆ ಹಗ್ಗ ಜಗ್ಗಿ ಕೂಗುತ್ತಿತ್ತು.

"ಎತ್ತರಕ್ಕೆ ಕಟ್ರಿ, ನಾಯಿ ಎಟುಕ್ಬಾರ್ದು," ಎಂದಳು ಅಜ್ಜಿ.

ಗಂಡಸರು ಮಾಡುವ ಕೆಲಸ ಅದು. ಅಪ್ಪ ಇರಲಿಲ್ಲ. ತನ್ನ ಮಗಳ ಹಾಲಿಗಾಗಿ ಕಟ್ಟುವುದನ್ನು ತಾನೇ ಕಟ್ಟುತ್ತೇನೆಂದು ಅಕ್ಕ ಹೊರಟಳು. ಚೀಲ ನನ್ನ ಸೊಂಟದ ಮೇಲಿತ್ತು, ಅವಳು ಹಗ್ಗ ಹಿಡಿದು ಪಕ್ಕದಲ್ಲಿ ನಡೆದಳು. ಹಿತ್ತಿಲ ಬಾಗಿಲಿಂದ ಆಲದ ಮರಕ್ಕೆ ಇನ್ನೂರ ಹತ್ತು ಹೆಜ್ಜೆ. ಕತ್ತಾಳೆ ಬೇಲಿಯ ತಿರುವಿಗೆ ಬಂದಿದ್ದೆವು. ಚೀಲ ನನ್ನ ಸೊಂಟಕ್ಕೆ ಒದೆಯಿತು.

ನಿಂತೆ.

"ಏನು?" ಎಂದಳು ಅಕ್ಕ.

"ಅಲ್ಲಾಡ್ತು."

ಅವಳು ಚೀಲವನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಗೋಣಿಯ ಒಂದು ಕಡೆ ಒಳಗಿನಿಂದ ಚೂಪಾಗಿ ಉಬ್ಬಿ ಇಳಿಯಿತು. ಅದು ಗೊರಸು. ಕುರುಡರಿಗೂ ಗೊತ್ತಾಗುವ ಹಾಗಿತ್ತು.

"ನಡಿ," ಎಂದಳು ಅಕ್ಕ.

ಸಿಟ್ಟಿನಿಂದಲ್ಲ, ಜೋರಾಗಿಯೂ ಅಲ್ಲ. ಬಸ್ಸಿಗೆ ಹೊತ್ತಾಯಿತು ಎನ್ನುವಾಗ ಹೇಳುವ ಹಾಗೆ ಹೇಳಿದಳು. ನನ್ನನ್ನು ಎತ್ತಿ ಆಡಿಸಿದ ಅಕ್ಕ. ಇರುವೆ ಸಾಲು ಕಂಡರೆ ಅದು ದಾಟಿಹೋಗಲಿ ಎಂದು ಬಿಸಿನೀರು ಚೆಲ್ಲದೆ ನಿಲ್ಲುತ್ತಿದ್ದವಳು. ಅವಳ ಬಾಯಿಂದ ಬಂದ ಮಾತು ಅದೆಂದು ನನ್ನ ಮೈ ನಂಬಲಿಲ್ಲ. ಒಂದು ಮರಿ ಕುಡಿದು ಮಿಕ್ಕಿದ್ದು ಸಾಕಾಗುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ ಅರ್ಧ ಗಂಟೆ ಕೂಡ ಆಗಿರಲಿಲ್ಲ. ಈಗ ಎರಡು ಮರಿ. ಅವಳು ಏನು ಎಣಿಸಿದಳೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಎಣಿಸುವುದು ನನಗೆ ಗೊತ್ತಿದ್ದ ಕೆಲಸವೇ ಅಲ್ಲವೇ.

ನಾನು ಏನು ಮಾಡಬೇಕಿತ್ತು ಎಂದು ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ಚೀಲ ಇಳಿಸಿ ಗಂಟು ಬಿಚ್ಚಬೇಕಿತ್ತು. ನಾನು ನಡೆದೆ.

ನಿಂತದ್ದು ಅಕ್ಕನೇ. ಹಿಂದಿನಿಂದ ಬಂದು ನನ್ನ ಸೊಂಟದಿಂದ ಚೀಲವನ್ನು ಕಿತ್ತುಕೊಂಡು ಕೆಸರಿನಲ್ಲೇ ಕುಳಿತಳು. ನಾನು ಕಟ್ಟಿದ ಗಂಟು ಕೈಗೆ ಬಗ್ಗಲಿಲ್ಲ, ಹಲ್ಲಿನಿಂದ ಎಳೆದಳು. ಹುಲ್ಲನ್ನು ಆಚೆ ಈಚೆ ಎಸೆದಳು. ಬಾಚುವಾಗಲೇ ಮರಿಯ ಮೇಲಿನ ಪೊರೆ ಒಂದು ಕಡೆ ಹರಿದಿತ್ತು, ಇನ್ನೊಂದು ಕಡೆ ಮೂತಿಗೆ ಅಂಟಿತ್ತು. ಅದನ್ನು ಉಗುರಿನಿಂದ ಸುಲಿದಳು. ಒಳಗಿನ ಮರಿ ಮೊದಲನೆಯದಕ್ಕಿಂತ ಚಿಕ್ಕದು. ನಾಲಗೆ ನೀಲಿಯಾಗಿ ಹೊರಬಿದ್ದಿತ್ತು. ಇನ್ನು ಒದೆಯುತ್ತಿರಲಿಲ್ಲ.

"ಸತ್ತೋಯ್ತಾ?" ಎಂದೆ.

ಅವಳು ಮರಿಯ ಬಾಯಿ ತೆರೆದಳು. ಬಾಯೊಳಗೆ ಬೆರಳು ಹಾಕಿ ಲೋಳೆ ಎಳೆದಳು. ಹಿಂಗಾಲೆರಡನ್ನೂ ಒಟ್ಟಿಗೆ ಹಿಡಿದು ಎದ್ದು ನಿಂತು ತಲೆಕೆಳಗಾಗಿ ತೂಗಿದಳು. ಒಮ್ಮೆ, ಎರಡು ಸಲ, ಮೂರು ಸಲ. ಬೆನ್ನು ತಟ್ಟಿದಳು. ಸೆರಗಿನಿಂದ ಎದೆಯನ್ನು ಗಸಗಸ ಉಜ್ಜಿದಳು. ಸೂಲಗಿತ್ತಿ ಅವಳ ಕೂಸಿಗೆ ಮಾಡಿದ್ದನ್ನೆಲ್ಲ, ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ ಮಾಡಿದಳು. ಅಂದು ನೋವಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು ಎಂದು ನಾನು ಅಂದುಕೊಂಡಿದ್ದೆ. ಅವಳು ಎಲ್ಲವನ್ನೂ ನೋಡಿದ್ದಳು.

ಮರಿ ಸೀನಿತು.

ಅಕ್ಕ ಅದನ್ನು ಎದೆಗೆ ಒತ್ತಿಕೊಂಡು ಮನೆಯ ಕಡೆ ಓಡಿದಳು. ನಾನು ಖಾಲಿ ಚೀಲ ಹಿಡಿದು ಹಿಂದೆ ಓಡಿದೆ. ಮೇಕೆಯ ಕೂಗು ಹಿತ್ತಿಲಿಗೆ ಬರುವ ಮುಂಚೆಯೇ ಕೇಳಿಸುತ್ತಿತ್ತು. ಅದು ನಿಲ್ಲಿಸಿಯೇ ಇರಲಿಲ್ಲ. ಅದು ಮಾಸು ತಿನ್ನಲು ಬಾಯಿ ಹಾಕಿರಲಿಲ್ಲ. ಮರಿಯ ಮೂತಿಯ ಪೊರೆ ನೆಕ್ಕಿ ಬಿಡಿಸಲು ಹಾಕಿತ್ತು. ಅದನ್ನೇ ಮಾಡಗೊಡದೆ ನಾವು ಮೂವರು ಸೇರಿ ತಡೆದಿದ್ದೆವು.

ಅಕ್ಕ ಮರಿಯನ್ನು ಅದರ ಮುಂದೆ ಇಟ್ಟಳು. ಅಜ್ಜಿ ಬಗ್ಗಿ, ಕಣ್ಣು ಕಿರಿದು ಮಾಡಿ, ಕೈಯಿಂದ ಸವರಿ ನೋಡಿದಳು. ಕಿವಿ, ಕಾಲು, ಬಾಲ. ಆಮೇಲೆ ಹಾಗೇ ಗೋಡೆಗೆ ಒರಗಿ ಕುಳಿತಳು.

"ಮಾಸು ಅಂದ್ನಲ್ಲೇ," ಎಂದಳು. "ಮಾಸು ಅಂದ್ನಲ್ಲೇ ನಾನು."

ಅಕ್ಕ ಮಂಕರಿ ಎತ್ತಿ ಮೊದಲ ಮರಿಯನ್ನು ಹೊರತೆಗೆದು ಕೆಚ್ಚಲಿಗೆ ಹಿಡಿದಳು.

"ಇನ್ನೂ ಮಾಸು ಬಿದ್ದಿಲ್ವಲ್ಲೇ," ಎಂದಳು ಅಜ್ಜಿ, ಮೆಲ್ಲಗೆ.

"ಬಿದ್ದಿತ್ತಲ್ಲ ಅಜ್ಜಿ. ಕಟ್ಟಕ್ಕೆ ಹೋಗಿದ್ವಲ್ಲ."

ಎರಡನೆಯ ಮರಿ ಗಂಡು. ಅದಕ್ಕೆ ನಿಲ್ಲಲಾಗಲಿಲ್ಲ, ಚೀಪಲೂ ಆಗಲಿಲ್ಲ. ಅಕ್ಕ ಗಿಣ್ಣುಹಾಲನ್ನು ಒಂದು ಲೋಟಕ್ಕೆ ಹಿಂಡಿದಳು. ಒಳಗೆ ಹೋಗಿ ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನು ತಂದಳು. ಅದು ನಮ್ಮಿಬ್ಬರಿಗೂ, ನಮ್ಮವ್ವನಿಗೂ ಕುಡಿಸಿದ ಒಳಲೆ. ಅಜ್ಜಿ ಅದನ್ನು ನೋಡಿದಳು, ತಡೆಯಲಿಲ್ಲ. ಅಕ್ಕ ಮರಿಯ ತಲೆಯನ್ನು ತೊಡೆಯ ಮೇಲೆ ಎತ್ತರವಾಗಿಟ್ಟುಕೊಂಡು ಬಾಯಿಯ ಓರೆಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ನನ್ನ ಕಡೆ ನೋಡಲೇ ಇಲ್ಲ.

ನಿಜವಾದ ಮಾಸು ಬಿದ್ದದ್ದು ಹನ್ನೆರಡು ಐವತ್ತಕ್ಕೆ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಎಳೆಸಿ, ಕಡ್ಡಿಯಿಂದ ಬಿಡಿಸಿ ಬಿಡಿಸಿ ನೋಡಿದಳು. ಆಮೇಲೆ ತಿಪ್ಪೆಯ ಆಚೆ ಆಳವಾಗಿ ಹೂಳಲು ಹೇಳಿದಳು. ಆಲದ ಮರಕ್ಕೆ ಯಾರೂ ಹೋಗಲಿಲ್ಲ.

ಮಠದಿಂದ ಬಂದ ಅವ್ವ ಎರಡು ಮರಿ ಕಂಡು ಬೆರಗಾದಳು. ನಡೆದದ್ದನ್ನು ಅಜ್ಜಿ ಹೇಳಿದಳು, ತನ್ನ ತಪ್ಪನ್ನು ಮಾತ್ರ ಹೇಳಿದಳು. ಬೇರೆಯದು ಅವಳಿಗೆ ಗೊತ್ತಿರಲಿಲ್ಲ. ಸಂಜೆ ಐದಕ್ಕೆ ಹಟ್ಟಿ ತಾತ ಕಾಲು ಪಾವು ಹಾಲಿನ ಗಿಂಡಿ ಹಿಡಿದು ಬಂದ. ಎಲ್ಲವನ್ನೂ ಕೇಳಿಸಿಕೊಂಡು ತಲೆಯ ಮೇಲಿನ ಕಂಬಳಿ ಕೊಪ್ಪೆ ತೆಗೆದು ಕೆಳಗಿಟ್ಟ.

"ಅಲ್ಲ ಅಮ್ಮಾವ್ರೆ, ಹುಟ್ಟಿದ್ ಮರೀನ ಮಂಕ್ರೀಲಿ ಮುಚ್ಚಿಟ್ಟು ಕಾಯ್ಸಿದ್ರಾ? ಮೊದ್ಲು ಬಾಯಿಗೆ ಗಿಣ್ಣು ಬೀಳ್ಬೇಕು. ಆಮೇಲೆ ಮಾಸಾದ್ರೂ ಬೀಳ್ಲಿ, ಮಳೆಯಾದ್ರೂ ಬೀಳ್ಲಿ."

"ನಂಗೇನ್ ಗೊತ್ತಪ್ಪ, ಮೇಕೆ ಎರಡು ಹಾಕ್ತದೆ ಅಂತ," ಎಂದಳು ಅಜ್ಜಿ.

"ನಾನು ಅವತ್ತೇ ಹೇಳಿದ್ನಲ್ಲ. ಒಂದು ಬಂದ್ಮೇಲೂ ಕೈ ತೊಳ್ಕಬ್ಯಾಡ್ರಿ, ಇನ್ನೊಂದಿದ್ರೂ ಇರ್ತದೆ ಅಂದಿದ್ದೆ. ಈ ಮಗಾ ಬರ್ಕಂತಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಡೈರಿ ತೆಗೆದೆ. ನೂರಹತ್ತನೆಯ ದಿನದ ಪುಟ. ಮೇಲಿನಿಂದ ಎಂಟನೆಯ ಸಾಲು, ನನ್ನದೇ ದುಂಡು ಅಕ್ಷರ: 'ಒಂದು ಮರಿ ಹುಟ್ಟಿದ ಮೇಲೂ ಕಾಯಬೇಕು. ಎರಡು ಇರಬಹುದು.' ನಲವತ್ತನಾಲ್ಕು ದಿನ ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ್ದೆ. ಒಂದು ದಿನವೂ ಹಿಂದೆ ತಿರುವಿ ಓದಿರಲಿಲ್ಲ. ಕೊಟ್ಟಿಗೆಯ ಹೊಸಿಲ ಮೇಲೆ ಕುಳಿತು 'ಮಾಸು ಬೀಳಲು ಆರಂಭ' ಎಂದು ಬರೆದಾಗಲೂ ಆ ಸಾಲು ಅದೇ ಪುಸ್ತಕದೊಳಗೆ, ನನ್ನ ತೊಡೆಯ ಮೇಲೇ ಇತ್ತು. ತಾತ ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ.

ಅಂದು ಸಂಜೆ ಡೈರಿಯಲ್ಲಿ ಆ ದಿನದ ಪುಟ ತುಂಬಿಸಿದೆ. ಹನ್ನೊಂದು ಮೂವತ್ತೆರಡರ ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ಹನ್ನೊಂದು ನಲವತ್ತೈದರಿಂದ ಮುಂದುವರಿಸಿದೆ.

ಆಮೇಲಿನ ದಿನಗಳು ಹಾಲಿನ ಹಂಚಿಕೆಯ ದಿನಗಳು. ಮೂರು ದಿನ ಗಿಣ್ಣೆಲ್ಲ ಮರಿಗಳಿಗೆ. ಹಸು ಈದಾಗ ಅದರಲ್ಲಿ ಬೆಲ್ಲ ಏಲಕ್ಕಿ ಹಾಕಿ ಕಾಸಿ ಬೀದಿಗೆಲ್ಲ ಹಂಚುತ್ತಿದ್ದ ಅಜ್ಜಿ ಈ ಸಲ ಪಾತ್ರೆಯನ್ನೇ ತೆಗೆಯಲಿಲ್ಲ. ಎದುರು ಮನೆಯಾಕೆ "ಗಿಣ್ಣು ಎಲ್ಲಜ್ಜಿ?" ಎಂದು ಕೇಳಿದಾಗ ಮೊರ ಎತ್ತಿಕೊಂಡು ಒಳಗೆ ಹೋದಳು. ಹಸುವಿಗೆ ನಾಲ್ಕು ಮೊಲೆ; ಎರಡು ಕರುವಿಗೆ, ಎರಡು ಮನೆಗೆ ಎನ್ನುವುದು ನಮ್ಮ ಪದ್ಧತಿ. ಮೇಕೆಗೆ ಇರುವುದೇ ಎರಡು, ಬಾಯಿ ಮೂರು. ನಾಲ್ಕನೆಯ ದಿನದಿಂದ ಬಲಮೊಲೆ ಕೂಸಿಗೆ, ಎಡಮೊಲೆ ಮರಿಗಳಿಗೆ ಎಂದು ಅಕ್ಕನೇ ಗೊತ್ತು ಮಾಡಿದಳು. ಬಲಮೊಲೆಯಲ್ಲಿ ಮೊದಲ ದಿನ ಸಿಕ್ಕದ್ದು ಅರ್ಧ ಪಾವು. ಅದರಲ್ಲೂ ಒಂದು ಒಳಲೆಯಷ್ಟನ್ನು ಅವಳು ಪಕ್ಕಕ್ಕಿಡುತ್ತಿದ್ದಳು. ಚಿಕ್ಕ ಮರಿಗೆ ಎಡಮೊಲೆಯಲ್ಲಿ ದೊಡ್ಡ ಮರಿಯನ್ನು ನೂಕಿ ನುಗ್ಗಿ ಕುಡಿಯುವ ಶಕ್ತಿ ಇರಲಿಲ್ಲ.

"ಕೂಸಿಗೇ ಸಾಲಲ್ಲ, ಅದ್ಯಾಕೆ ತೆಗ್ದಿಡ್ತೀಯ?" ಎಂದು ಅವ್ವ ಬೈದಳು.

"ಅದುಕ್ಕೂ ಬೇಕಲ್ಲವ್ವ," ಎಂದಳು ಅಕ್ಕ. ಅಷ್ಟೇ.

ಐದನೆಯ ದಿನ ಚಿಕ್ಕದು ನಿಂತಿತು. ಹನ್ನೊಂದನೆಯ ದಿನ ತೊಟ್ಟಿಲ ಕೆಳಗೆ ಬಂದು ಮಲಗುವುದನ್ನು ಕಲಿಯಿತು. ಜಾಲಿಕಾಯಿ, ಹುರುಳಿ ನುಚ್ಚು ಹೆಚ್ಚು ಹಾಕಿದ ಹಾಗೆ ಹಾಲೂ ಹೆಚ್ಚಿತು. ಇಪ್ಪತ್ತನೆಯ ದಿನಕ್ಕೆ ಬಲಮೊಲೆ ಒಂದರಲ್ಲೇ ಪಾವು ತುಂಬಿತು. ಕೂಸು ಕಕ್ಕಿದ್ದರ ಲೆಕ್ಕ: ಮೊದಲ ವಾರ ಒಂಬತ್ತು, ಎರಡನೆಯ ವಾರ ನಾಲ್ಕು, ಮೂರನೆಯ ವಾರ ಒಂದು. ಅಳುವುದು ಜೋರಾಯಿತು. ಈಗ ಅದು ಒಳ್ಳೆಯದೆಂದು ನನಗೂ ಗೊತ್ತಿತ್ತು.

ಅಕ್ಕನೂ ನಾನೂ ಆ ತಿರುವಿನ ಮಾತು ಎತ್ತಲಿಲ್ಲ. ಒಟ್ಟಿಗೆ ಪಾತ್ರೆ ಉಜ್ಜುತ್ತಿದ್ದೆವು, ಒಟ್ಟಿಗೆ ಮಲಗುತ್ತಿದ್ದೆವು. ಅವಳು "ನಡಿ, ನೀರಿಗೆ ಹೋಗೋಣ" ಎಂದರೆ ಸಾಕು, ಎತ್ತಿದ ಕೊಡವನ್ನು ನಾನು ಕೆಳಗಿಡುತ್ತಿದ್ದೆ. ಅವಳೂ ಕೆಲವು ದಿನಗಳಲ್ಲಿ ಆ ಮಾತು ಬಿಟ್ಟು "ಬಾ" ಎನ್ನತೊಡಗಿದಳು.

ಭಾದ್ರಪದ ಕಳೆದ ಮೇಲೆ ಅಜ್ಜಂಪುರದಿಂದ ಭಾವ ಗಾಡಿ ಕಟ್ಟಿಸಿಕೊಂಡು ಬಂದರು. ಕೂಸು, ಮೇಕೆ, ಎರಡು ಮರಿ, ಎಲ್ಲ ಒಂದೇ ಗಾಡಿಯಲ್ಲಿ ಹೋಗುವುದೆಂದಾಯಿತು. ಹೊರಡುವ ಬೆಳಿಗ್ಗೆ ಅಕ್ಕ ನನ್ನ ಹತ್ತಿರ ಬಂದಳು.

"ನಿನ್ನ ಡೈರಿ ಕೊಡೇ. ಎಷ್ಟು ಹಾಲು, ಎಷ್ಟು ಹೊತ್ತಿಗೆ ಅಂತ ಬರ್ಕಂತೀನಿ. ಅಲ್ಲಿ ಅತ್ತೆಗೆ ಹೇಳಬೇಕು."

ಕೊಟ್ಟೆ. ಅವಳು ಜಗಲಿಯ ಮೇಲೆ ಕುಳಿತು ಒಂದು ಹಾಳೆಗೆ ಇಳಿಸಿಕೊಂಡಳು. ಆಮೇಲೆ ಪುಟಗಳನ್ನು ಹಿಂದಕ್ಕೆ ತಿರುವಿದಳು. ತಡೆಯಬೇಕು ಎನಿಸಿತು, ತಡೆಯಲಿಲ್ಲ. ಆ ಸೋಮವಾರದ ಪುಟಕ್ಕೆ ಬಂದು ಬೆರಳು ನಿಂತಿತು.

"ಇಲ್ಯಾಕೆ ಖಾಲಿ ಬಿಟ್ಟಿದೀಯ?"

ಅವಳು ಬರೆದು ಕೆಳಗಿಟ್ಟಿದ್ದ ಪೆನ್ನನ್ನು ಎತ್ತಿ ಮುಚ್ಚಳ ಹಾಕಿದೆ.

"ಎಲ್ಲಾ ಬರೀತೀಯ. ತೆಂಗಿನಕಾಯಿ ಬಿದ್ದಿದ್ದೂ ಬರೀತೀಯ," ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಮಕ್ಕಳು ಕಾಪಿ ಬರೆಯುವ ಹಾಗೆ ನಿಧಾನವಾಗಿ ಮೊದಲ ಸಾಲು ತುಂಬಿಸಿ, ಊದಿ ಶಾಯಿ ಆರಿಸಿ, ಪುಸ್ತಕ ನನ್ನ ಮಡಿಲಿಗಿಟ್ಟು ಎದ್ದಳು. ಗಾಡಿಯ ಹಿಂದೆ ಚಿಕ್ಕ ಮರಿ ಹತ್ತಲಾರದೆ ಕೂಗುತ್ತಿತ್ತು. ಅದನ್ನು ಎತ್ತಿ ಒಳಗೆ ಹಾಕಿ ತಾನೂ ಹತ್ತಿದಳು.

ಗಾಡಿ ಕೆರೆ ಏರಿ ದಾಟಿ ಆಲದ ಮರದ ಆಚೆ ಹೋಗುವ ತನಕ ಪುಟ ತೆರೆಯಲಿಲ್ಲ. ತೆರೆದಾಗ ಅವಳ ಅಕ್ಷರದಲ್ಲಿ ಹೀಗಿತ್ತು: 'ಚೀಲ ಅಲ್ಲಾಡಿತು. ನಾನು ನಡಿ ಅಂದೆ.'

ಇನ್ನೊಂದು ಸಾಲು ಖಾಲಿ ಉಳಿದಿತ್ತು. ಅದು ನನ್ನದು. ಅಂದು ಎಣಿಸಿಯೇ ಇದ್ದೆ. ಕಾಲು ಎತ್ತಿಡುವಾಗಲೇ ಮನಸ್ಸು ತನ್ನಷ್ಟಕ್ಕೆ ಎಣಿಸಿತ್ತು. ಪೆನ್ನು ತೆಗೆದುಕೊಂಡು ಬರೆದೆ: 'ನಾನು ಏಳು ಹೆಜ್ಜೆ ನಡೆದೆ.'